ಕಾಡಸಿದ್ದ ಮಿಸ್ತ್ರಿಯ ಕರಿ ಕೈ

ಕಬ್ಬಿನ ಹಂಗಾಮು ಹತ್ತಿರವಾದರೆ ನಿಪ್ಪಾಣಿ ಸುತ್ತಲಿನ ಹಳೇ ಲಾರಿಗಳೆಲ್ಲ ಬೋರಗಾಂವದ ಕಾಡಸಿದ್ದ ಮಿಸ್ತ್ರಿಯ ಗ್ಯಾರೇಜಿಗೆ ಬರುತ್ತವೆ. ಎಂಜಿನ್ ಬಿಚ್ಚಿ, ಪಿಸ್ಟನ್ನಿಗೆ ಕಚ್ಚಿದ ಕಾರ್ಬನ್ ಕೆರೆದು, ಕೆಸರಾದ ಆಯಿಲನ್ನು ಡೀಸೆಲ್ಲಿನಿಂದ ತೊಳೆಯುವುದಕ್ಕೆ ಕೂಲಿ, ಲಾರಿ ಮಾಲೀಕರಿಗೆ ಅವನ ಬೈಗುಳ ಪುಕ್ಕಟೆ: “ದಿನಾ ನಿಮ್ಮ ಹಲ್ಲ ತಿಕ್ಕತೀರಿ ಸಾವಕಾರ್ರ, ಪಾಪ ಇದರ ಬಾಯಿ ಯಾರ ತೊಳೀಬೇಕ್ರಿ?” ಎಂಜಿನ್ ಕನ್ನಡಿಯಂತೆ ಹೊಳೆದರೂ ಅವನ ಕೈ ಮಾತ್ರ ಕಪ್ಪು, ಸೋಪಿಗೂ ಜಗ್ಗದು, ಹುಣಸೆಹಣ್ಣಿಗೂ ಜಗ್ಗದು. ಮದುವೆಯಲ್ಲಿ ಅಕ್ಷತೆಯನ್ನೂ ಎಲ್ಲರ ಹಿಂದೆ ನಿಂತೇ ಎಸೆಯುತ್ತಾನೆ. ಊರ ಕೂಸುಗಳನ್ನು ದೂರದಿಂದಲೇ ನಗಿಸುತ್ತಾನೆ. ಮೊನ್ನೆ ಮೊಮ್ಮಗಳು ಮೊದಲ ಸಲ ಮನೆಗೆ ಬಂದಾಗಲೂ ಅವನ ಕೈಗಳು ಬೆನ್ನ ಹಿಂದೆ ಹೋದವು. ಸೊಸೆ ಉಜ್ವಲಾ ಆ ಕೈಗಳನ್ನು ಮುಂದಕ್ಕೆಳೆದು ಅವುಗಳಲ್ಲಿ ಕೂಸನ್ನು ಇಟ್ಟೇಬಿಟ್ಟಳು: “ಹಿಡೀರಿ ಮಾವಾರ, ಈ ಕೈಯಾಗ ಇದ್ದ ಕೂಸಿಗಿ ಬ್ಯಾರೆ ದೃಷ್ಟಿಬೊಟ್ಟ ಯಾಕ ಬೇಕ್ರಿ?”