ಭಟ್ರ ಕ್ಯಾಂಡಿಡೇಟ್

ಕೊಲ್ಲಿ ನಾಡಿನ ದುಖಾನ್ ಕಡಲತೀರದಲ್ಲಿ ನಮ್ಮ ಕರಾವಳಿ ಬಳಗದ ಪಿಕ್ನಿಕ್ ಊಟ ಶುರುವಾದಾಗ, ಉಡುಪಿಯ ಭಟ್ರು ತಟ್ಟೆ ಹಿಡಿದು ಹತ್ತೂ ಪಾತ್ರೆಗಳಲ್ಲಿ ಇಣುಕಿದರು. ಏಳರಲ್ಲಿ ಕೋಳಿ, ಮೂರರಲ್ಲಿ ಮೀನು. ತರಕಾರಿ ಎಲ್ಲೂ ಇರಲಿಲ್ಲ.

ತಪ್ಪು ನನ್ನದೇ. ಆಫೀಸಿನಲ್ಲಿ ಪಕ್ಕದ ಮೇಜಿನ ಅಮೆರಿಕನ್ ತನ್ನ ರಾಜ್ಯದ ಪ್ರೈಮರಿ ಚುನಾವಣೆಯ ಬಗ್ಗೆ ವಾರವಿಡೀ ಹೇಳಿದ್ದ. ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಜನ ಮತ ಹಾಕುತ್ತಾರೆ. ಪ್ರತಿ ಅಭ್ಯರ್ಥಿಗೂ ಮತಕ್ಕೆ ತಕ್ಕಷ್ಟು ಪ್ರತಿನಿಧಿಗಳು ಸಿಗುತ್ತಾರೆ. ಆದರೆ ಅವನ ಪಕ್ಷದಲ್ಲಿ ಶೇಕಡಾ ಹದಿನೈದು ಮುಟ್ಟದವರಿಗೆ ಸೊನ್ನೆ. ಪ್ರತಿ ಪಿಕ್ನಿಕ್ಕಿಗೂ ಅಡುಗೆಯ ಬಗ್ಗೆ ನಡೆಯುವ ಜಗಳಕ್ಕೆ ಇದೇ ಮದ್ದು ಅನ್ನಿಸಿತು. ಮೂವತ್ತು ಮನೆಗಳ ಮತ, ಪ್ರತಿನಿಧಿಗಳ ಬದಲು ಹತ್ತು ಪಾತ್ರೆ ಪದಾರ್ಥ. ಕೋಳಿಗೆ ಹದಿನೆಂಟು, ಮೀನಿಗೆ ಎಂಟು, ತರಕಾರಿಗೆ ಭಟ್ರದ್ದೂ ಸೇರಿ ನಾಲ್ಕು. ತರಕಾರಿ ಶೇಕಡಾ ಹದಿನೈದು ಮುಟ್ಟಲಿಲ್ಲ, ಖಲಾಸ್. ಅಲ್ ಮನ್ಸೂರಾ ಬಡಾವಣೆಯ ಹೋಟೆಲಿಗೆ ಹಾಗೆಯೇ ಆರ್ಡರ್ ಕೊಟ್ಟುಬಿಟ್ಟೆ.

ಈಗ ಮುಖ ತೋರಿಸಲಾರದೆ ನಿಂತಿದ್ದೆ. ಭಟ್ರು ಕಾರಿನ ಡಿಕ್ಕಿಯಿಂದ ನಾಲ್ಕು ಮನೆಗೆ ಸಾಕಾಗುವಷ್ಟು ದೊಡ್ಡ ಸ್ಟೀಲ್ ಡಬ್ಬಿ ಇಳಿಸಿದರು.

“ಇರ್ಲಿ ಮಾರಾಯ್ರೆ, ನನ್ನ ಕ್ಯಾಂಡಿಡೇಟನ್ನು ನಾನೇ ಕರ್ಕೊಂಡು ಬಂದಿದ್ದೇನೆ.”

ಮುಚ್ಚಳ ತೆಗೆದರೆ ಊರಿನ ಗುಳ್ಳ ಬದನೆಯ ಹುಳಿ. ಆ ಪರಿಮಳಕ್ಕೆ, ಕೋಳಿಗೆ ಮತ ಹಾಕಿದವರೆಲ್ಲ “ನನಗೂ ಒಂದು ಸೌಟು” ಎನ್ನುತ್ತ ಸಾಲು ನಿಂತರು. ಭಟ್ರು ಒಬ್ಬರಿಗೂ ಇಲ್ಲ ಅನ್ನಲಿಲ್ಲ.

ಕೊನೆಯ ಸೌಟು ನನ್ನ ತಟ್ಟೆಗೆ ಬಿತ್ತು. ಬೆರಳು ಚೀಪುತ್ತಾ ತಲೆ ಎತ್ತಿದರೆ, ಭಟ್ರು ಬರೀ ಮಜ್ಜಿಗೆ ಅನ್ನ ಕಲಸುತ್ತಿದ್ದರು. ಮುಂದಿನ ಸಲ ನಮ್ಮಲ್ಲಿ ಮತದಾನವಿಲ್ಲ. ಮೊದಲ ಪಾತ್ರೆ ಭಟ್ರದ್ದು.