ಅನಸವ್ವನ ತೂಕದ ಚೀಟಿಗಳು

ಬನಹಟ್ಟಿಯ ಅನಸವ್ವ ಭವಿಷ್ಯ ನಂಬುವವಳಲ್ಲ, ಅದನ್ನು ಸುಳ್ಳು ಮಾಡುವವಳು. ಮದುವೆಯಾದ ಹೊಸತರಲ್ಲಿ ಮುಧೋಳದ ಬಸ್ ಸ್ಟ್ಯಾಂಡಿನಲ್ಲಿ ಗಂಡ ಅವಳನ್ನು ತೂಕದ ಮಶೀನಿನ ಮೇಲೆ ನಿಲ್ಲಿಸಿ ನಾಣ್ಯ ಹಾಕಿದ. ಕೆಂಪು ದೀಪ ಮಿಣುಕಿ, ಚಕ್ರ ಗರಗರ ತಿರುಗಿ, ಒಂದು ದಪ್ಪ ಚೀಟಿ ಬಿತ್ತು. ಒಂದು ಬದಿಗೆ ಸಿನಿಮಾ ನಟಿ, ಇನ್ನೊಂದು ಬದಿಗೆ ತೂಕ, ಅದರ ಕೆಳಗೆ ಭವಿಷ್ಯ: ‘ನೀವು ಮೃದು ಸ್ವಭಾವದವರು, ಹೇಳಿದಂತೆ ಕೇಳುವಿರಿ.’ ಗಂಡ ಅದನ್ನು ಇಡೀ ಸ್ಟ್ಯಾಂಡಿಗೆ ಕೇಳುವಂತೆ ಓದಿ ನಕ್ಕ. ಅವರು ಹೊರಟಿದ್ದು ಜಮಖಂಡಿಯ ಅವನ ಅಕ್ಕನ ಮನೆಗೆ. ಅನಸವ್ವ ಚೀಟಿ ಕಸಿದುಕೊಂಡು ಬೀಳಗಿಯ ಬಸ್ಸು ಹತ್ತಿ ತವರಿಗೆ ಹೊರಟಳು. ಗಂಡ ಓಡಿ ಬಂದು ಅದೇ ಬಸ್ಸಿಗೆ ಜೋತುಬಿದ್ದ.

ಅಲ್ಲಿಂದ ಅದೇ ಚಟ. ‘ನೀರಿನಿಂದ ಗಂಡಾಂತರ’ ಎಂದು ಬಂದಾಗ ಚಿಕ್ಕಪಡಸಲಗಿಗೆ ಹೋಗಿ, ಕೃಷ್ಣೆಯಲ್ಲಿ ನಿಂತು ಮನೆಯ ಕೌದಿಗಳನ್ನೆಲ್ಲ ಒಗೆದು ತಂದಳು. ‘ಮೌನದಿಂದ ಲಾಭ’ ಎಂದು ಬಂದ ದಿನ ನಳದ ಹತ್ತಿರ ಓಣಿಯವರೆಲ್ಲ ಕಿವಿ ಮುಚ್ಚಿಕೊಂಡರು. ಸುಳ್ಳು ಮಾಡಿದ ಚೀಟಿ ಡಬ್ಬಿಗೆ ಬೀಳುತ್ತಿತ್ತು. ಮಶೀನುಗಳು ಗುಜರಿ ಸೇರಿದ ಮೇಲೆ ಮಂದಿಯ ಮನೆಯ ಹಳೆಯ ಚೀಟಿಗಳನ್ನೂ ಬೇಡಿ ತಂದಳು. ನೌಕರದಾರರಿಗೆ ಸರ್ಕಾರ ಭವಿಷ್ಯ ನಿಧಿ ಕೊಡುತ್ತದೆ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಬೆರಳು ಸವೆಸಿದ ಅನಸವ್ವನ ಭವಿಷ್ಯ ನಿಧಿ ಒಂದು ತುಪ್ಪದ ಡಬ್ಬಿಯಲ್ಲಿತ್ತು.

ಈ ವರ್ಷ ಅದಕ್ಕೊಬ್ಬ ಗಿರಾಕಿ ಹುಟ್ಟಿದ. ಬೆಳಗಾವಿಯ ಪ್ರಭುಲಿಂಗ ತನ್ನ ಹೊಸ ಹೋಟೆಲಿನ ಗೋಡೆಯ ಅಲಂಕಾರಕ್ಕೆ ಹಳೆಯ ತೂಕದ ಚೀಟಿ ಹುಡುಕುತ್ತಿದ್ದ. ಅನಸವ್ವನ ಮಗ, ಮಗ್ಗದ ಮಾಲೀಕ ಮಲ್ಲಿನಾಥ, ತಾಯಿಯನ್ನು ಕೇಳದೆ ಮಾತು ಕೊಟ್ಟುಬಿಟ್ಟ.

“ರದ್ದಿ ಅದು ಬೇ ಯವ್ವಾ. ಅವರು ಗಾಜಿನ ಚೌಕಟ್ಟಿನ್ಯಾಗ ಹಾಕಿ ಇಡತಾರಂತ.”

“ನಾ ಏನ್ ಸತ್ತೇನೇನು, ಚೌಕಟ್ಟಿನ್ಯಾಗ ಇಡಾಕ?”

“ನಿನ್ನಲ್ಲ, ಚೀಟಿ. ನಾ ಮಾತ ಕೊಟ್ಟೇನಿ.”

“ನಿನ್ನ ಮಾತ ನೀ ಕೊಡು. ನನ್ನ ಡಬ್ಬಿ ಯಾಕ ಕೊಡತಿ?”

ಆದರೂ ಅವಳು ಸ್ನಾನಕ್ಕೆ ಹೋದಾಗ ಮಲ್ಲಿನಾಥ ಡಬ್ಬಿಯನ್ನು ಎತ್ತಿ ಬಾಗಿಲ ಹಿಂದೆ ಇಟ್ಟ.

ಅಂದು ಖಂಡೆ ಪೂಜೆ, ದಸರೆಯಲ್ಲಿ ಹತಾರಗಳನ್ನು ಪೂಜಿಸುವ ದಿನ. ಮಗ್ಗಗಳು ಸುಮ್ಮನಿದ್ದವು. ಮಲ್ಲಿನಾಥ ಲಾಳಿ, ಕತ್ತರಿ, ಕಂಡಿಕೆಗಳನ್ನು ಸಾಲಾಗಿ ಇಟ್ಟು, ಕೊನೆಗೆ ಮಗ್ಗ ರಿಪೇರಿಯ ಪಾನಾ ಇಕ್ಕಳಗಳ ಡಬ್ಬಿ ತಂದು, ಎಲ್ಲಕ್ಕೂ ವಿಭೂತಿ ಬಳಿದು, ಹೂವೇರಿಸಿ ಕಾಯಿ ಒಡೆದ. ಪೂಜೆಯಾದ ಹತಾರವನ್ನು ಮರುದಿನ ಬನ್ನಿ ಹಂಚುವ ತನಕ ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ವರ್ಷವಿಡೀ ಮಗ್ಗದಲ್ಲಿ ದಾರ ಹರಿಯುತ್ತದೆಂದು ಆ ಮನೆಯ ಅಂಜಿಕೆ.

ಮಧ್ಯಾಹ್ನ ಪ್ರಭುಲಿಂಗ ಬಂದ. ಮಲ್ಲಿನಾಥ ಬಾಗಿಲ ಹಿಂದಿನ ಡಬ್ಬಿ ತಂದು ಮುಂದಿಟ್ಟ. ಮುಚ್ಚಳ ತೆಗೆದರೆ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಪಾನಾಗಳು. ಮನೆಯಲ್ಲಿ ಅಂಥ ತುಪ್ಪದ ಡಬ್ಬಿ ಎರಡಿದ್ದವು, ಚೀಟಿಯದೊಂದು, ಪಾನಾದ್ದೊಂದು. ಅವಸರದಲ್ಲಿ ಎತ್ತಿದವನು ತೂಕ ನೋಡಿರಲಿಲ್ಲ. ಆ ಮನೆಯಲ್ಲಿ ತೂಕದ ಖಾತೆ ತಾಯಿಯದು. ಭವಿಷ್ಯಗಳೆಲ್ಲ ವಿಭೂತಿ ಬಳಿದುಕೊಂಡು ಲಾಳಿಯ ಪಕ್ಕದಲ್ಲಿ ಕೂತಿದ್ದವು.

“ಅಲ್ಲೇ ಐತಲ್ಲರಿ, ತಗೊಂಡು ಬರ್ರಿ,” ಎಂದ ಪ್ರಭುಲಿಂಗ.

“ಪೂಜಿ ಆಗೇತ್ರಿ. ಇವತ್ತ ಮುಟ್ಟಂಗಿಲ್ರಿ,” ಎಂದು ಮಲ್ಲಿನಾಥ ತಲೆ ಕೆರೆದುಕೊಂಡ.

“ಆತು, ನಾಳೆ ಬನ್ನಿ ಹಂಚಿದ ಮ್ಯಾಲೆ ಬರತೇನಿ. ಮಾತ ಅಂದ್ರ ಮಾತರಿ.”

ಅವನ ಕಾರು ಓಣಿ ದಾಟಿತು. ಅಷ್ಟು ಹೊತ್ತು ಕಂಬಕ್ಕೆ ಒರಗಿ ನೋಡುತ್ತಿದ್ದ ಅನಸವ್ವ ಸೆರಗು ಸಿಕ್ಕಿಸಿಕೊಂಡು ಬಂದಳು. ನಾಳೆಯ ತನಕ ದೇವರು ಕಾಯುತ್ತಾನೆ, ಆಮೇಲೆ ಯಾರು? ಬಾಗಿ ಪೂಜೆಯ ಸಾಲಿನಿಂದ ತನ್ನ ಡಬ್ಬಿಯನ್ನು ಹೂವಿನ ಸಮೇತ ಎತ್ತಿ ಕಂಕುಳಲ್ಲಿ ಇರುಕಿಕೊಂಡಳು.

ಮಲ್ಲಿನಾಥ ಎರಡೂ ಕೈ ಚಾಚಿ ಅಡ್ಡ ಬಂದ. “ಯವ್ವಾ, ಏನ್ ಮಾಡಾಕತ್ತಿ ಬೇ? ದಾರ ಹರೀತಾವು.”

“ಹರೀಲಿ. ಗಂಟ ಹಾಕಾಕ ನಾ ಅದೇನಿ. ನೀ ಅವಗ ಫೋನ್ ಹಚ್ಚು, ಬರೂದು ಬ್ಯಾಡಂತ ಹೇಳು.”

“ಹೆಂಗ ಹೇಳ್ಲಿ? ಮಾತ ಹೋಕ್ಕೈತಿ.”

“ಹೇಳಲಿಲ್ಲಂದ್ರ ಲಾಳೀನೂ ಎತ್ತತೇನಿ.”

ಅವಳ ಇನ್ನೊಂದು ಕೈ ಆಗಲೇ ಲಾಳಿಯ ಮೇಲೆ ಗೇಣು ಎತ್ತರದಲ್ಲಿ ನಿಂತಿತ್ತು. ಮಲ್ಲಿನಾಥ ಆ ಕೈಯನ್ನೇ ನೋಡುತ್ತ ಕಿಸೆಯಿಂದ ಫೋನು ತೆಗೆದ.