ತೊಲೆಮನೆಯ ನಡುಗಂಬ

ಆಳು ಉದ್ದ, ಗಂಟು ಕಡಿಮೆ, ಬಿಸಿಲು ಮಳೆ ತಿಂದು ಹದವಾದ ಜೀವ, ಬಗ್ಗುವ ಜಾತಿಯಲ್ಲ. ಹಳೆಯ ಮನೆಗಳ ಮರ ಕೊಳ್ಳುವ ವ್ಯಾಪಾರಿ ತೊಲೆಮನೆ ಅಕ್ಕನನ್ನು ಮೊದಲ ನೋಟಕ್ಕೇ ಹೀಗೆ ಅಳೆದ. ಇವಳ ಹತ್ತಿರ ಚೌಕಾಸಿ ಸುಲಭವಲ್ಲ ಎಂದುಕೊಂಡ. ಅಳತೆ ಸರಿಯಿತ್ತು, ಲೆಕ್ಕ ತಪ್ಪಿತು.

ಹೊಲದಂಚಿನ ಆ ಮನೆಗೆ ಸೂರು ಒಂದೇ. ಒಂದು ತುದಿಗೆ ದನ, ಇನ್ನೊಂದು ತುದಿಗೆ ಜನ, ಮೇಲೆ ಅಟ್ಟದ ತುಂಬ ಒಣಹುಲ್ಲು. ಭಾರವನ್ನೆಲ್ಲ ಹೊತ್ತಿದ್ದು ಮರದ ಚೌಕಟ್ಟು. ಕಂಬದ ಮೇಲೆ ತೊಲೆ, ಮೂಲೆಮೂಲೆಗೆ ಓರೆಯಾಗಿ ಕೊಟ್ಟ ಆಸರೆ, ಕೂಡಿದಲ್ಲೆಲ್ಲ ಮರದ ಗೂಟ. ಹುಡುಕಿದರೂ ಒಂದು ಮೊಳೆ ಸಿಗದು. ಗೋಡೆಯೆಂದರೆ ಹೆಣೆದ ಕಡ್ಡಿಗೆ ಮೆತ್ತಿದ ಮಣ್ಣು, ಅಷ್ಟೇ. ಮದುವೆಯಾಗಿ ಬಂದ ದಿನವೇ ಅಕ್ಕ ಅಡುಗೆಮನೆಯ ಅಡ್ಡತೊಲೆಗೆ ಹಣೆ ಬಡಿಸಿಕೊಂಡಳು. ಊರಿನಲ್ಲಿ ಅವಳು ಬಗ್ಗಿದ್ದು ಆ ತೊಲೆಯೊಂದಕ್ಕೇ. ಗಂಡ ತೀರಿಕೊಂಡ ಮೇಲೂ ಹಾಲು ಮಾರುತ್ತ, ಬಿರುಕು ಬಿಟ್ಟ ಗೋಡೆಗೆ ತಾನೇ ಮಣ್ಣು ಮೆತ್ತುತ್ತ, ಮೈದುನನ ಸಂಸಾರವನ್ನೂ ಜೊತೆಗಿಟ್ಟುಕೊಂಡಿದ್ದಳು. ಓರಗಿತ್ತಿಯದು ಜೋರು ಬಾಯಿ, ಇವಳದು ಬಿಗಿ. ಆದರೂ ಒಲೆ ಒಂದೇ.

"ಮನೆಯ ಮರ ಮಾರೋದಿಲ್ಲ," ಅಂದಳು ಅಕ್ಕ.

"ನೋಡೋಕೆ ದುಡ್ಡಿಲ್ವಲ್ಲ ಅಕ್ಕ," ಎನ್ನುತ್ತ ವ್ಯಾಪಾರಿ ಒಳಗೆ ಬಂದು, ನಡುಗಂಬಕ್ಕೆ ಪುಟ್ಟ ಸುತ್ತಿಗೆಯಿಂದ ತಟ್ಟಿದ. ಗಂಟೆಯಂಥ ಸದ್ದು. ಒಳಗೊಳಗೇ ಹಿಗ್ಗಿ, ಮುಖ ಮಾತ್ರ ಸಪ್ಪೆ ಮಾಡಿಕೊಂಡ. "ಬುಡ ಹೋಗಿದೆ ಅಕ್ಕ. ಮೇಲೆ ಚೆಂದ, ಒಳಗೆ ಬರೀ ಹಿಟ್ಟು."

ಈ ಮಾತನ್ನು ಅವನು ಕಾಲಿಟ್ಟ ಮನೆಯಲ್ಲೆಲ್ಲ ಹೇಳುತ್ತಿದ್ದ. ಮಾರುವವರು "ಹೋಗಿರೋದು ನಿನ್ನ ಕಣ್ಣು" ಎಂದು ಬೈದರೆ ವ್ಯಾಪಾರ ಶುರುವಾಯಿತೆಂದೇ ಅರ್ಥ. ಅಕ್ಕ ಬೈಯಲಿಲ್ಲ. ಬೆಲೆ ಹಣ್ಣಾಗಲಿ ಎಂದು ಅವನು ಹೊರಟುಹೋದ.

ತಿಂಗಳು ಕಳೆದು, ಬೆಲೆ ಹಣ್ಣಾಗಿರುತ್ತದೆಂಬ ಭರವಸೆಯಲ್ಲಿ ಕಟ್ಟಡ ಬಿಚ್ಚುವ ಆಳುಗಳನ್ನು ಕರೆದುಕೊಂಡೇ ಬಂದ. ಅಂಗಳದಲ್ಲಿ ಮಕ್ಕಳ ಗದ್ದಲವಿರಲಿಲ್ಲ. ಅಟ್ಟದ ಹುಲ್ಲು ಹೊರಗೆ ಟಾರ್ಪಾಲಿನಡಿ ಬಿದ್ದಿತ್ತು. ನಡುಗಂಬಕ್ಕೆ ಎರಡು ದಪ್ಪ ದಿಮ್ಮಿಗಳನ್ನು ಆಸರೆಗೆ ಕೊಟ್ಟಿದ್ದರು. ಅಕ್ಕನ ಮಂಚ ದನದ ಕಡೆಗೆ ಹೋಗಿತ್ತು.

"ಮನೆಯವರೆಲ್ಲ ಎಲ್ಲಿ ಅಕ್ಕ?"

"ಕಳಿಸಿದೆ. ಮಕ್ಕಳನ್ನ ಕೊಳೆತ ಕಂಬದ ಕೆಳಗೆ ಮಲಗಿಸ್ಲಾ? ನನ್ನ ಓರಗಿತ್ತಿ ನಂಬಲಿಲ್ಲ. ಮನೆ ಒಬ್ಳೇ ನುಂಗೋಕೆ ಕಂಬದ ನೆಪ ತೆಗೆದಿದ್ದೀಯ ಅಂದ್ಲು. ಈಗ ಬಾಡಿಗೆ ಮನೇಲಿದ್ದಾರೆ. ಮಕ್ಕಳಿಗೆ ಹಾಲು ಕಳಿಸಿದ್ರೆ ಚೊಂಬು ಹಾಗೇ ವಾಪಸ್ ಬರುತ್ತೆ."

"ನೀವ್ಯಾಕೆ ಹೋಗಲಿಲ್ಲ?"

"ದನಕ್ಕೆ ಬಾಡಿಗೆ ಮನೆ ಯಾರು ಕೊಡ್ತಾರೆ?" ಎಂದು, ಸೆರಗಿನಲ್ಲಿ ಕೈ ಒರೆಸಿಕೊಂಡಳು. "ನೀವು ವ್ಯಾಪಾರಿಯಾಗಿಯೂ ಎಚ್ಚರ ಹೇಳಿದ್ರಿ. ಬೇರೆಯವನಾಗಿದ್ರೆ ಸುಮ್ನೆ ಹೋಗ್ತಿದ್ದ. ತೋಚಿದ್ದು ಕೊಟ್ಟು ಬಿಚ್ಕೊಂಡು ಹೋಗಿ."

ಇಂಥ ಮಾತಿಗಾಗಿ ಅವನು ವರ್ಷಗಟ್ಟಲೆ ಜನರ ಅಂಗಳ ತುಳಿದಿದ್ದ. ಇವತ್ತು ಅದು ಸಿಕ್ಕಿದರೂ ದುಡ್ಡಿನ ಚೀಲಕ್ಕೆ ಕೈ ಹಾಕಲಿಲ್ಲ. ಎಚ್ಚರ ಹೇಳಿದ ಪುಣ್ಯಾತ್ಮನೆಂದು ಅವಳು ನೋಡುತ್ತಿದ್ದ ಕಣ್ಣುಗಳನ್ನು ಎದುರಿಸಲಾಗದೆ ಕಂಬವನ್ನೇ ನೋಡುತ್ತ ನಿಂತ.

"ಕಂಬ ಗಟ್ಟಿಯಾಗಿದೆ ಅಕ್ಕ. ಆವತ್ತೂ ಗಟ್ಟಿಯಾಗೇ ಇತ್ತು."

"ಮತ್ತೆ?"

"ನಾವು ಎಲ್ಲಾ ಕಡೆ ಹಾಗೇ ಹೇಳೋದು. ಬೆಲೆ ಇಳಿಸೋಕೆ."

"ಎಲ್ಲಾ ಕಡೆ?"

"ಹೂಂ."

"ಬೇರೆಯವರು ಏನಂತಾರೆ?"

"ಬೈತಾರೆ."

ಅಕ್ಕ ಕಂಬದ ಮೇಲೆ ಅಂಗೈಯಿಟ್ಟಳು. "ಬೈಬೇಕು ಅಂತ ನಂಗೂ ಹೇಳಿದ್ರೆ ಬೈತಿದ್ದೆ."

ಆಮೇಲೆ ಆಸರೆಗೆ ಕೊಟ್ಟ ದಿಮ್ಮಿಯೊಂದನ್ನು ಜಗ್ಗತೊಡಗಿದಳು. ಅದು ಮಿಸುಕಲಿಲ್ಲ. ಅವನು ಇನ್ನೊಂದು ತುದಿ ಹಿಡಿದ. ಎರಡೂ ದಿಮ್ಮಿ ನೆಲಕ್ಕೆ ಬಂದವು. ಮನೆ ಮೊದಲಿನಂತೆಯೇ ನಿಂತಿತ್ತು.

"ಕಂಬ ಗಟ್ಟಿಯಿದೆ ಅಂತ ಈಗ ನಾನು ಹೇಳಿದ್ರೆ, ಅವಳು ಇದೂ ಇನ್ನೊಂದು ನೆಪ ಅಂತಾಳೆ," ಎಂದಳು ಅಕ್ಕ, ದನಗಳ ಕಡೆ ತಿರುಗಿ.

ವ್ಯಾಪಾರಿ ಆಳುಗಳನ್ನು ಕರೆದುಕೊಂಡು ಬರಿಗೈಯಲ್ಲಿ ಹೊರಟ. ಅಕ್ಕನಿಗೆ ಅವನಿಂದ ಬರಬೇಕಾದದ್ದು ಒಂದೇ: ಓರಗಿತ್ತಿಯ ಬಾಡಿಗೆ ಮನೆಯ ಬಾಗಿಲಲ್ಲಿ, ಆ ಗಂಡ ಹೆಂಡಿರ ಎದುರು ನಿಂತು, ಕಂಬದ ವಿಷಯದಲ್ಲಿ ಸುಳ್ಳು ಹೇಳಿದವನು ನಾನು ಎಂಬ ಮಾತು. ಅದನ್ನು ಅವನು ಇನ್ನೂ ಕೊಟ್ಟಿಲ್ಲ.